ಎಂಬತ್ತು ರೂಪಾಯಿಯ ಸೆನ್ಸರ್, ಹದಿನಾರು ಬಿಟ್ಟಿನ ಟೈಮರ್: ಸಂಪಿನ ನೀರು ಅಳೆದ ಎಂಟು ತಿಂಗಳ ಅನುಭವ

ನಮ್ಮ ಬಡಾವಣೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬಂದ ನೀರು ನೆಲದಡಿಯ ಸಂಪಿನಲ್ಲಿ ತುಂಬಿಕೊಂಡು, ಅಲ್ಲಿಂದ ಮೋಟಾರಿನ ಮೂಲಕ ತಾರಸಿಯ ಟ್ಯಾಂಕಿಗೆ ಏರುತ್ತದೆ. ಸಂಪಿನಲ್ಲಿ ಎಷ್ಟು ನೀರು ಉಳಿದಿದೆ ಎಂದು ತಿಳಿಯಲು ಕಬ್ಬಿಣದ ಮುಚ್ಚಳ ಎತ್ತಿ, ಟಾರ್ಚು ಬಿಟ್ಟು, ಬಗ್ಗಿ ನೋಡುವುದೇ ಇಷ್ಟು ವರ್ಷಗಳ ರೂಢಿಯಾಗಿತ್ತು. ಫ್ಲೋಟ್ ಸ್ವಿಚ್ಚು ನೀರು ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ನನಗೆ ಬೇಕಾಗಿದ್ದುದು ಎಷ್ಟು ಇದೆ ಎಂಬ ಲೆಕ್ಕ. ಆ ಲೆಕ್ಕಕ್ಕಾಗಿ ಎಚ್‌ಸಿ-ಎಸ್‌ಆರ್04 ಎಂಬ ಅಲ್ಟ್ರಾಸಾನಿಕ್ (ಮನುಷ್ಯರ ಕಿವಿಗೆ ಕೇಳಿಸದ ಶಬ್ದದಿಂದ ದೂರ ಅಳೆಯುವ) ಸೆನ್ಸರನ್ನು ಕೊಂಡು, ಆರ್ಡುಯಿನೊ ಊನೊ ಎಂಬ, ನಾವೇ ಪ್ರೋಗ್ರಾಮು ಬರೆದು ಓಡಿಸಬಹುದಾದ ಪುಟ್ಟ ಬೋರ್ಡಿಗೆ ಜೋಡಿಸಿ, ಎಂಟು ತಿಂಗಳು ಹಗಲು ರಾತ್ರಿ ಓಡಿಸಿದ್ದೇನೆ. ಈ ವಿಮರ್ಶೆ ಆ ಸೆನ್ಸರಿನ ಕುರಿತಾದದ್ದು, ಅದರಷ್ಟೇ ಅದನ್ನು ಅಳೆಯುವ ವಿಧಾನದ ಕುರಿತಾದದ್ದೂ ಹೌದು. ಏಕೆಂದರೆ ಈ ಸೆನ್ಸರು ತಾನಾಗಿ ದೂರವನ್ನು ಹೇಳುವುದಿಲ್ಲ, ಒಂದು ಪಲ್ಸನ್ನು (ಸ್ವಲ್ಪ ಹೊತ್ತು ಏರಿದ್ದು ಇಳಿಯುವ ವಿದ್ಯುತ್ ಸಂಕೇತವನ್ನು) ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಆ ಪಲ್ಸಿನ ಅಗಲವನ್ನು ನಾವು ಹೇಗೆ ಅಳೆಯುತ್ತೇವೆ ಎಂಬುದರ ಮೇಲೆಯೇ ಸೆನ್ಸರು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಮಾನ ನಿಲ್ಲುತ್ತದೆ. ಇದರ ಬಗ್ಗೆ ದೂರುವವರಲ್ಲಿ ಹೆಚ್ಚಿನವರು ಸೆನ್ಸರಿನ ತಪ್ಪಿಗಿಂತ ತಮ್ಮ ಪ್ರೋಗ್ರಾಮಿನ ತಪ್ಪಿಗೆ ಅದನ್ನು ಬೈಯುತ್ತಿದ್ದಾರೆ ಎಂದು ನನ್ನ ಅನಿಸಿಕೆ. ಮೊದಲ ಎರಡು ತಿಂಗಳು ನಾನೂ ಅದೇ ಸಾಲಿನಲ್ಲಿದ್ದೆ.

ಕೊಂಡದ್ದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ಣ ಹೆಸರು ಹೇಳಿದರೆ ಆಟೋದವರು ಎರಡನೆಯ ಸಲ ಕೇಳುತ್ತಾರೆ, ಎಸ್‌.ಪಿ. ರೋಡ್ ಎಂದರೆ ಸಾಕು. ಒಂದಕ್ಕೆ 80 ರೂಪಾಯಿಯಂತೆ ಎರಡು ಕೊಂಡೆ. ಅಂಗಡಿಯವರು ಪೊಟ್ಟಣ ಕೊಡುವ ಮುನ್ನ, “ಸಾರ್, ಇದು ಐದು ವೋಲ್ಟಿಂದು, ಇಎಸ್‌ಪಿಗೆ ಹಾಕೋದಾದ್ರೆ ಬೇರೆ ತಗೊಳ್ಳಿ” ಎಂದು ಎಚ್ಚರಿಸಿದರು (ಇಎಸ್‌ಪಿ ಎಂದರೆ 3.3 ವೋಲ್ಟಿನಲ್ಲಿ ನಡೆಯುವ ಇನ್ನೊಂದು ಬಗೆಯ ಚಿಪ್ಪು). ಕೊಂಡ ಮೇಲೆ ವಾಪಸು ಇಲ್ಲ ಎಂಬ ಫಲಕ ಗೋಡೆಯ ಮೇಲಿದ್ದರೂ, ಕೊಳ್ಳುವ ಮೊದಲು ಸರಿಯಾದ ಒಂದು ಮಾತು ಹೇಳುವ ಅಂಗಡಿ ಸಿಕ್ಕಿದರೆ ಆ ಫಲಕದ ಬಗ್ಗೆ ತಕರಾರು ಉಳಿಯುವುದಿಲ್ಲ.

ಬೋರ್ಡು ಬೆಂಕಿಪೊಟ್ಟಣಕ್ಕಿಂತ ಹೆಚ್ಚು ದೊಡ್ಡದಲ್ಲ: 45 ಮಿ.ಮೀ. ಉದ್ದ, 20 ಮಿ.ಮೀ. ಅಗಲ. ಮುಂಭಾಗದಲ್ಲಿ ಜಾಲರಿಯ ಮುಚ್ಚಳವಿರುವ ಎರಡು ಲೋಹದ ಡಬ್ಬಿಗಳು, ಒಂದರ ಬಳಿ ಟಿ, ಇನ್ನೊಂದರ ಬಳಿ ಆರ್ ಎಂಬ ಅಕ್ಷರಗಳು. ಮೊದಲನೆಯದು ಶಬ್ದವನ್ನು ಹೊರಡಿಸುತ್ತದೆ, ಎರಡನೆಯದು ಅದರ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ. ಕೆಳಗೆ ನಾಲ್ಕು ಪಿನ್ನುಗಳು: 5 ವೋಲ್ಟು, ಟ್ರಿಗ್, ಎಕೋ, ಗ್ರೌಂಡ್. ಟ್ರಿಗ್ ಪಿನ್ನಿಗೆ ಕನಿಷ್ಠ 10 ಮೈಕ್ರೋಸೆಕೆಂಡಿನ ಒಂದು ಪಲ್ಸು ಕೊಟ್ಟರೆ ಸೆನ್ಸರು 40 ಕಿಲೋಹರ್ಟ್ಸ್ ಆವರ್ತನದ ಎಂಟು ಕಂಪನಗಳನ್ನು, ಅಂದರೆ ಒಟ್ಟು 200 ಮೈಕ್ರೋಸೆಕೆಂಡಿನಷ್ಟು ಶಬ್ದವನ್ನು, ಹೊರಗೆ ಬಿಟ್ಟು ಎಕೋ ಪಿನ್ನನ್ನು ಮೇಲಕ್ಕೆತ್ತುತ್ತದೆ. ಪ್ರತಿಧ್ವನಿ ಮರಳಿದಾಗ ಎಕೋ ಪಿನ್ನು ಕೆಳಗಿಳಿಯುತ್ತದೆ. ಎಕೋ ಮೇಲಿದ್ದ ಅವಧಿಯೇ ಶಬ್ದ ಹೋಗಿ ಬಂದ ಸಮಯ; ಅದನ್ನು ಮೈಕ್ರೋಸೆಕೆಂಡಿನಲ್ಲಿ ತೆಗೆದುಕೊಂಡು 58ರಿಂದ ಭಾಗಿಸಿದರೆ ಸೆಂಟಿಮೀಟರಿನಲ್ಲಿ ದೂರ ಸಿಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಟ್ರಿಗ್ ಕೊಟ್ಟ ಕ್ಷಣದಿಂದ ಎಣಿಸಬಾರದು, ಎಕೋ ಏರಿದ ಕ್ಷಣದಿಂದ ಎಣಿಸಬೇಕು. ಈ ಎರಡರ ನಡುವೆ ಕೆಲವು ನೂರು ಮೈಕ್ರೋಸೆಕೆಂಡುಗಳ ಅಂತರವಿದ್ದು, ಅದನ್ನೂ ಸೇರಿಸಿಕೊಂಡರೆ ದೂರವು ಹಲವು ಸೆಂಟಿಮೀಟರು ಹೆಚ್ಚಾಗಿ ತೋರುತ್ತದೆ.

ಬೆಕ್ಕಿನ ಕಿವಿಗೆ 40 ಕಿಲೋಹರ್ಟ್ಸ್ ಕೇಳಿಸುತ್ತದೆ. ಸಂಪಿನ ಮುಚ್ಚಳದ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಪಕ್ಕದ ಮನೆಯ ಬೆಕ್ಕು ಸೆನ್ಸರು ಹಾಕಿದ ವಾರ ಒಮ್ಮೆ ಕಿವಿ ನಿಮಿರಿಸಿ ಕೆಳಗೆ ನೋಡಿತು, ಮತ್ತೆ ಅಲ್ಲಿಯೇ ಮಲಗಿತು.

ಕಾಗದದ ಮೇಲೆ ಈ ಸೆನ್ಸರಿನ ವ್ಯಾಪ್ತಿ 2 ಸೆಂ.ಮೀ.ನಿಂದ 4 ಮೀಟರು, ನಿಖರತೆ 3 ಮಿ.ಮೀ., ನೋಡುವ ಕೋನ 15 ಡಿಗ್ರಿ, ಬಳಸುವ ವಿದ್ಯುತ್ತು 15 ಮಿಲಿಆಂಪಿಯರ್. ಗಟ್ಟಿಯಾದ ಚಪ್ಪಟೆ ಗೋಡೆಯ ಎದುರು ಎರಡೂವರೆ ಮೀಟರಿನವರೆಗೆ ನನಗೆ ನಂಬಬಹುದಾದ ಓದುಗಳು ಸಿಕ್ಕಿವೆ. ಅದರಾಚೆಗೆ ಒಮ್ಮೆ ಸಿಕ್ಕಿ ಒಮ್ಮೆ ತಪ್ಪುತ್ತವೆ. ಪರದೆ, ಸೋಫಾದ ಹಾಸು, ಉಣ್ಣೆಯ ಶಾಲುಗಳು ಶಬ್ದವನ್ನು ಹೀರಿಕೊಳ್ಳುವುದರಿಂದ ಅವುಗಳ ಎದುರು ನಾಲ್ಕು ಮೀಟರಿನ ಮಾತು ಆಡಲೇಬಾರದು. ಆದರೆ ನಿಂತ ನೀರಿನ ಮೇಲ್ಮೈ ಈ ಸೆನ್ಸರಿಗೆ ಹೇಳಿ ಮಾಡಿಸಿದ ಕನ್ನಡಿ. ನೇರವಾಗಿ ಕೆಳಗೆ ಮುಖ ಮಾಡಿ ಕೂರಿಸಿದರೆ ಪ್ರತಿಧ್ವನಿ ಸ್ಪಷ್ಟವಾಗಿ ಮರಳುತ್ತದೆ.

ಇನ್ನು ಅಳೆಯುವ ವಿಧಾನಕ್ಕೆ ಬರುತ್ತೇನೆ. ಎಲ್ಲ ಕಡೆ ಸಿಗುವ ಮಾದರಿ ಪ್ರೋಗ್ರಾಮುಗಳು ಪಲ್ಸ್‌ಇನ್ ಎಂಬ ಫಂಕ್ಷನ್ನನ್ನು ಬಳಸುತ್ತವೆ. ಕಲಿಯುವ ಮೊದಲ ಸಂಜೆಗೆ ಅದು ಸಾಕು. ಆದರೆ ಆ ಫಂಕ್ಷನ್ನು ಎಕೋ ಏರಿ ಇಳಿಯುವವರೆಗೂ ಪ್ರೊಸೆಸರನ್ನು ಬಾಗಿಲಲ್ಲಿ ನಿಲ್ಲಿಸಿಬಿಡುತ್ತದೆ. ಕಾಯುವ ಮಿತಿಯನ್ನು ನಾವು ಹೇಳದಿದ್ದರೆ, ಎಕೋ ಬಾರದಿದ್ದಾಗ ಒಂದು ಪೂರ್ತಿ ಸೆಕೆಂಡು ಅಲ್ಲೇ ನಿಂತಿರುತ್ತದೆ. ಅಷ್ಟು ಹೊತ್ತು ಡಿಸ್‌ಪ್ಲೇ ಬದಲಾಗದು, ಬಟನ್ ಒತ್ತಿದ್ದು ತಿಳಿಯದು, ಮೋಟಾರಿನ ರಿಲೇ ಆರಿಸಬೇಕಾದ ಕ್ಷಣ ತಪ್ಪಬಹುದು. ಜೊತೆಗೆ ಅದು ಸಮಯವನ್ನು ಅಳೆಯುವುದು ಒಂದು ಲೂಪಿನ ಸುತ್ತುಗಳನ್ನು ಎಣಿಸಿ. ಆರ್ಡುಯಿನೊ ತನ್ನ ಮಿಲಿಸೆಕೆಂಡಿನ ಲೆಕ್ಕಕ್ಕಾಗಿ ಇಟ್ಟುಕೊಂಡಿರುವ ಟೈಮರ್ 0 ಪ್ರತಿ 1.024 ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್ (ಪ್ರೊಸೆಸರನ್ನು ಕೈಕೆಲಸ ಬಿಡಿಸಿ ತುರ್ತು ಕೆಲಸಕ್ಕೆ ಕರೆಯುವ ಸಂಕೇತ) ಎಬ್ಬಿಸುವಾಗ ಆ ಎಣಿಕೆ ಪ್ರತಿ ಸಲ ಕೆಲವು ಮೈಕ್ರೋಸೆಕೆಂಡು ನಿಂತುಹೋಗುತ್ತದೆ. ಹತ್ತು ಮಿಲಿಸೆಕೆಂಡಿನ ಎಕೋದಲ್ಲಿ ಇಂಥ ಹತ್ತು ತಡೆಗಳು ಬರುತ್ತವೆ. ಅಕ್ಕಿ ಅಳೆಯುತ್ತಿರುವವರನ್ನು ನಡುನಡುವೆ ಮಾತಿಗೆಳೆದರೆ ಸೇರಿನ ಲೆಕ್ಕ ತಪ್ಪುವ ಹಾಗೆ.

ಊನೊ ಬೋರ್ಡಿನ ಹೃದಯವಾದ ಎಟಿಮೆಗಾ328ಪಿ ಚಿಪ್ಪಿನಲ್ಲಿ ಮೂರು ಟೈಮರುಗಳಿವೆ. ಟೈಮರ್ 0 ಮತ್ತು ಟೈಮರ್ 2 ಎಂಟು ಬಿಟ್ಟಿನವು. ಟೈಮರ್ 1 ಮಾತ್ರ ಹದಿನಾರು ಬಿಟ್ಟಿನದು, ಮತ್ತು ಅದಕ್ಕೊಂದು ವಿಶೇಷ ಸೌಲಭ್ಯವಿದೆ: ಇನ್‌ಪುಟ್ ಕ್ಯಾಪ್ಚರ್. ಬೋರ್ಡಿನ 8ನೆಯ ಪಿನ್ನಿನಲ್ಲಿ ಸಂಕೇತ ಏರಿದ ಅಥವಾ ಇಳಿದ ಕ್ಷಣದಲ್ಲಿ ಟೈಮರಿನ ಎಣಿಕೆ ಎಷ್ಟಿತ್ತೋ ಅದನ್ನು ಹಾರ್ಡ್‌ವೇರ್ ತಾನೇ ಐಸಿಆರ್1 ಎಂಬ ರಿಜಿಸ್ಟರಿನಲ್ಲಿ (ಅಂಕಿ ಇಡಲು ಚಿಪ್ಪಿನೊಳಗೇ ಇರುವ ಪುಟ್ಟ ಗೂಡಿನಲ್ಲಿ) ಬರೆದಿಡುತ್ತದೆ. ಪ್ರೊಸೆಸರು ಆ ಹೊತ್ತಿಗೆ ಬೇರೆ ಕೆಲಸದಲ್ಲಿದ್ದರೂ, ಇನ್ನೊಂದು ಇಂಟರಪ್ಟಿನ ಒಳಗೇ ಇದ್ದರೂ, ಬರೆದಿಟ್ಟ ಅಂಕಿ ಬದಲಾಗದು. ಪ್ರೊಸೆಸರು ಬಿಡುವಾದಾಗ ಬಂದು ಓದಿಕೊಂಡರೆ ಆಯಿತು, ಮುಂದಿನ ಅಂಚು ಬರುವ ಮೊದಲು ಓದಿದರಷ್ಟೇ ಸಾಕು. ನಾನು ಟೈಮರ್ ವಿಧಾನವನ್ನು ಮೆಚ್ಚಿಕೊಳ್ಳಲು ಇದೇ ನಿಜವಾದ ಕಾರಣ.

ನನ್ನ ಜೋಡಣೆ ಹೀಗಿದೆ. ಟಿಸಿಸಿಆರ್1ಎ ರಿಜಿಸ್ಟರಿಗೆ ಸೊನ್ನೆ ಬರೆದು ಟೈಮರನ್ನು ಸಾಮಾನ್ಯ ಎಣಿಕೆಯಲ್ಲಿ ಇಟ್ಟಿದ್ದೇನೆ. ಟಿಸಿಸಿಆರ್1ಬಿ ರಿಜಿಸ್ಟರಿನಲ್ಲಿ ಸಿಎಸ್11 ಬಿಟ್ಟನ್ನು ಎತ್ತಿದರೆ 16 ಮೆಗಾಹರ್ಟ್ಸ್ ಗಡಿಯಾರ ಎಂಟರಿಂದ ಭಾಗಿಸಲ್ಪಟ್ಟು ಪ್ರತಿ ಎಣಿಕೆಯೂ ಅರ್ಧ ಮೈಕ್ರೋಸೆಕೆಂಡಿನದಾಗುತ್ತದೆ. ಒಂದು ಮೀಟರಿನ ದೂರಕ್ಕೆ ಸುಮಾರು 11,660 ಎಣಿಕೆ. ಅದೇ ರಿಜಿಸ್ಟರಿನ ಐಸಿಇಎಸ್1 ಬಿಟ್ಟು ಏರುವ ಅಂಚನ್ನು ಹಿಡಿಯಬೇಕೋ ಇಳಿಯುವ ಅಂಚನ್ನೋ ಎಂಬುದನ್ನು ನಿರ್ಧರಿಸುತ್ತದೆ. ಐಸಿಎನ್‌ಸಿ1 ಬಿಟ್ಟು ಎತ್ತಿದರೆ ಸಂಕೇತ ನಾಲ್ಕು ಗಡಿಯಾರದ ಮಿಡಿತಗಳ ಕಾಲ ಸ್ಥಿರವಾಗಿದ್ದರೆ ಮಾತ್ರ ಅದನ್ನು ನಿಜವೆಂದು ಒಪ್ಪಿಕೊಳ್ಳುತ್ತದೆ. ಇದರಿಂದ ಆಗುವ ಕಾಲು ಮೈಕ್ರೋಸೆಕೆಂಡಿನ ವಿಳಂಬ ಎರಡೂ ಅಂಚುಗಳಿಗೆ ಸಮಾನವಾದ್ದರಿಂದ ಕಳೆಯುವಾಗ ವಜಾ ಆಗುತ್ತದೆ. ಇಂಟರಪ್ಟಿನೊಳಗೆ ಮಾಡುವ ಕೆಲಸ ನಾಲ್ಕು ಸಾಲಿನದು: ಏರಿದ ಅಂಚಾದರೆ ಐಸಿಆರ್1 ಅನ್ನು ಆರಂಭವೆಂದು ಉಳಿಸಿಕೊಂಡು ಐಸಿಇಎಸ್1 ಅನ್ನು ತಿರುಗಿಸುವುದು, ಇಳಿದ ಅಂಚಾದರೆ ಐಸಿಆರ್1ರಿಂದ ಆರಂಭವನ್ನು ಕಳೆದು ಅಗಲವನ್ನು ಉಳಿಸುವುದು. ಅಂಚಿನ ದಿಕ್ಕು ಬದಲಿಸಿದ ಮೇಲೆ ಐಸಿಎಫ್1 ಬಾವುಟವನ್ನು ಇಳಿಸುವುದನ್ನು ಮರೆಯಬಾರದು. ಆ ಬಾವುಟ ಇಳಿಯುವುದು ಸೊನ್ನೆ ಬರೆದರೆ ಅಲ್ಲ, ಒಂದು ಬರೆದರೆ. ಮೊದಲ ಸಲ ಓದಿದಾಗ ಇದು ಅಚ್ಚಿನ ತಪ್ಪೆಂದು ಭಾವಿಸಿ ಸೊನ್ನೆಯನ್ನೇ ಬರೆದವರಲ್ಲಿ ನಾನೂ ಒಬ್ಬ.

ಈ ಜೋಡಣೆಗೆ ತೆರುವ ಬೆಲೆಯೂ ಇದೆ. ಟೈಮರ್ 1 ನಮ್ಮ ಕೈಸೇರಿದರೆ 9 ಮತ್ತು 10ನೆಯ ಪಿನ್ನುಗಳಲ್ಲಿ ಎಂದಿನ ಪಿಡಬ್ಲ್ಯೂಎಂ (ಪಿನ್ನನ್ನು ಬೇಗ ಬೇಗ ಹತ್ತಿಸಿ ಆರಿಸಿ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುವ ವಿಧಾನ) ಕೆಲಸ ಮಾಡುವುದಿಲ್ಲ, ಊನೊದಲ್ಲಿ ಅದೇ ಟೈಮರನ್ನು ನೆಚ್ಚಿಕೊಂಡಿರುವ, ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಮೋಟಾರು) ನಡೆಸುವ ಲೈಬ್ರರಿಯೂ ನಡೆಯುವುದಿಲ್ಲ. ಸೆನ್ಸರನ್ನು ಸರ್ವೋ ಮೇಲೆ ಕೂರಿಸಿ ಸುತ್ತ ತಿರುಗಿಸುವ ರೋಬೋ ಮಾಡುವ ವಿದ್ಯಾರ್ಥಿಗಳಿಗೆ ಇದು ಮೊದಲೇ ತಿಳಿದಿರಲಿ. ನನ್ನ ಸಂಪಿಗೆ ಸರ್ವೋ ಬೇಕಿರಲಿಲ್ಲ.

ಇಷ್ಟೆಲ್ಲ ಸರಿಯಾಗಿ ಬರೆದೆನೆಂದು ನಂಬಿ ಸೆನ್ಸರನ್ನು ಮುಚ್ಚಳದ ಒಳಮೈಗೆ ಕೂರಿಸಿದೆ. ಅಲ್ಲಿಂದ ಸಂಪಿನ ತಳಕ್ಕೆ 182 ಸೆಂ.ಮೀ. ಆಳ. ಮೂರನೆಯ ದಿನ ಡಿಸ್‌ಪ್ಲೇಯಲ್ಲಿ ನೀರು ನಿಧಾನವಾಗಿ ಇಳಿಯುತ್ತಾ (ಸೆನ್ಸರಿನಿಂದ ನೀರಿಗಿರುವ ದೂರ) 140 ಸೆಂ.ಮೀ.ಗೆ ಬಂದದ್ದು, ಇದ್ದಕ್ಕಿದ್ದ ಹಾಗೆ 90ಕ್ಕೆ ಜಿಗಿದು ಮತ್ತೆ 140ಕ್ಕೆ ಮರಳಿತು. ಯಾರೂ ನೀರು ಬಿಟ್ಟಿರಲಿಲ್ಲ. ಮರುದಿನ ಅದೇ ಆಟ, ಪ್ರತಿ ಸಲವೂ 90ರ ಆಸುಪಾಸು, ಒಮ್ಮೆಯೂ 80 ಅಲ್ಲ, 100 ಅಲ್ಲ. ಸೆನ್ಸರು ಕೆಟ್ಟಿದೆ ಎಂದು ಎರಡನೆಯದನ್ನು ಹಾಕಿದೆ. ಅದೂ 90 ಎಂದಿತು. ಎರಡು ಸೆನ್ಸರುಗಳು ಒಂದೇ ಸುಳ್ಳನ್ನು ಹೇಳುತ್ತಿದ್ದರೆ ಸುಳ್ಳು ಸೆನ್ಸರಿನದಲ್ಲ ಎಂದು ಹೊಳೆಯಲು ಒಂದು ರಾತ್ರಿ ಬೇಕಾಯಿತು. ಹದಿನಾರು ಬಿಟ್ಟಿನ ಟೈಮರು 65,536 ಎಣಿಕೆಗೆ ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. ಅರ್ಧ ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಅದು 32.768 ಮಿಲಿಸೆಕೆಂಡು. ಪ್ರತಿಧ್ವನಿ ಮರಳದಿದ್ದಾಗ ಸೆನ್ಸರು ಎಕೋ ಪಿನ್ನನ್ನು ಸುಮಾರು 38 ಮಿಲಿಸೆಕೆಂಡು ಮೇಲೆ ಹಿಡಿದು ಆಮೇಲೆ ಕೈಬಿಡುತ್ತದೆ. 38ರಲ್ಲಿ 32.768 ಕಳೆದರೆ ಉಳಿಯುವುದು 5.232 ಮಿಲಿಸೆಕೆಂಡು, ಅದನ್ನು 58ರಿಂದ ಭಾಗಿಸಿದರೆ 90 ಸೆಂ.ಮೀ. ಅಂದರೆ “ನನಗೆ ಏನೂ ಕೇಳಿಸಲಿಲ್ಲ” ಎಂದು ಸೆನ್ಸರು ಪ್ರಾಮಾಣಿಕವಾಗಿ ಹೇಳುತ್ತಿದ್ದುದನ್ನು ನನ್ನ ಪ್ರೋಗ್ರಾಮು “ಸಂಪು ಅರ್ಧ ತುಂಬಿದೆ” ಎಂದು ಓದುತ್ತಿತ್ತು. ನಾಲ್ಕು ಮೀಟರಿಗೆ ಬೇಕಾಗುವುದು 23 ಮಿಲಿಸೆಕೆಂಡು ಚಿಲ್ಲರೆ, 32 ಧಾರಾಳವಾಯಿತು ಎಂದು ಲೆಕ್ಕ ಹಾಕಿದ ನನಗೆ, ಪ್ರತಿಧ್ವನಿ ಬಾರದ ಸಂದರ್ಭದ ಲೆಕ್ಕ ಹಾಕಬೇಕೆಂದು ತೋಚಿರಲಿಲ್ಲ.

ಪರಿಹಾರವೂ ಅದೇ ಟೈಮರಿನಲ್ಲಿದೆ. ಟ್ರಿಗ್ ಕೊಡುವ ಕ್ಷಣದಲ್ಲಿ ಆಗಿನ ಎಣಿಕೆಗೆ 60,000 ಸೇರಿಸಿ ಓಸಿಆರ್1ಎ ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ. ಎಕೋ ಇಳಿಯುವ ಮೊದಲೇ ಆ ಎಣಿಕೆ ಬಂದು ತಾಗಿದರೆ, ಅಂದರೆ 30 ಮಿಲಿಸೆಕೆಂಡು ಕಳೆದರೆ, ಆ ಅಳತೆಯನ್ನು ಕೈಬಿಟ್ಟು “ಪ್ರತಿಧ್ವನಿ ಇಲ್ಲ” ಎಂದು ಗುರುತು ಮಾಡಿಕೊಳ್ಳುತ್ತೇನೆ. ಎಕೋ ಪಿನ್ನು ನಿಜವಾಗಿ ಕೆಳಗಿಳಿಯುವವರೆಗೆ ಮುಂದಿನ ಟ್ರಿಗ್ ಕೊಡುವುದಿಲ್ಲ. ಅಂದಿನಿಂದ 90ರ ಭೂತ ಮತ್ತೆ ಕಾಣಿಸಿಕೊಂಡಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ಕಳ್ಳತನದ್ದು. ಎರಡು ಮೂರು ದಿನಕ್ಕೊಮ್ಮೆ ಒಂದೇ ಒಂದು ಓದು ಸುಮಾರು 2 ಸೆಂ.ಮೀ. ಜಿಗಿದು ಸರಿಹೋಗುತ್ತಿತ್ತು. ಅಲೆಯೆಂದುಕೊಂಡು ಬಿಟ್ಟಿದ್ದೆ, ಆದರೆ ನಡುರಾತ್ರಿ ನಿಂತ ನೀರಿನಲ್ಲಿ ಅಲೆ ಎಲ್ಲಿಂದ ಬರಬೇಕು? ಎಟಿಮೆಗಾ ಎಂಟು ಬಿಟ್ಟಿನ ಪ್ರೊಸೆಸರು. ಹದಿನಾರು ಬಿಟ್ಟಿನ ಅಂಕಿಯನ್ನು ಅದು ಮೆಮೊರಿಯಿಂದ ಎರಡು ತುತ್ತಾಗಿ ಓದುತ್ತದೆ. ಮೊದಲ ತುತ್ತು ಓದಿ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಇಂಟರಪ್ಟು ನಡುವೆ ಬಂದು ಅಂಕಿಯನ್ನು ಬದಲಿಸಿದರೆ, ಹಳೆಯದರ ಅರ್ಧ ಹೊಸದರ ಅರ್ಧ ಸೇರಿದ ಒಂದು ಅಂಕಿ ಕೈಗೆ ಸಿಗುತ್ತದೆ. ಮೇಲಿನ ಬೈಟು ಒಂದು ಹೆಜ್ಜೆ ತಪ್ಪಿದರೆ 256 ಎಣಿಕೆ, ಅಂದರೆ 128 ಮೈಕ್ರೋಸೆಕೆಂಡು, ದೂರದಲ್ಲಿ 2.2 ಸೆಂ.ಮೀ. ವೇರಿಯಬಲ್ಲಿಗೆ ವೊಲಟೈಲ್ ಎಂದು ಬರೆದಿದ್ದೇನಲ್ಲ ಎಂಬ ಧೈರ್ಯದಲ್ಲಿದ್ದೆ. ಆ ಪದ ಪ್ರತಿ ಸಲ ಮೆಮೊರಿಯಿಂದಲೇ ಓದು ಎಂದಷ್ಟೇ ಹೇಳುತ್ತದೆ, ಒಂದೇ ಗುಟುಕಿಗೆ ಓದು ಎಂದು ಹೇಳುವುದಿಲ್ಲ. ಓದುವ ಒಂದು ಸಾಲಿನ ಮೊದಲು ಇಂಟರಪ್ಟನ್ನು ತಡೆದು, ಓದಿದ ಕೂಡಲೇ ಬಿಟ್ಟರೆ ಮುಗಿಯಿತು. ಹಾಗೆ ತಡೆದ ಕ್ಷಣದಲ್ಲೇ ಎಕೋ ಬಂದರೂ ಅಳತೆಗೆ ಏನೂ ಆಗದು, ಏಕೆಂದರೆ ಎಣಿಕೆಯನ್ನು ಹಾರ್ಡ್‌ವೇರ್ ಆಗಲೇ ಐಸಿಆರ್1ರಲ್ಲಿ ಬರೆದಿಟ್ಟಿರುತ್ತದೆ.

ಟೈಮರಿನಲ್ಲಿ ಅಳೆದರೆ ನಿಖರತೆ ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅರ್ಧ ಮೈಕ್ರೋಸೆಕೆಂಡೆಂದರೆ ದೂರದಲ್ಲಿ 0.09 ಮಿ.ಮೀ.ಗಿಂತ ಕಡಿಮೆ. ಆದರೆ ಈ ಸೆನ್ಸರು ಕೇಳುವುದು 40 ಕಿಲೋಹರ್ಟ್ಸ್ ಶಬ್ದವನ್ನು. ಅದರ ಒಂದು ಅಲೆಯ ಉದ್ದವೇ 8.6 ಮಿ.ಮೀ. ಮರಳಿ ಬಂದ ಶಬ್ದ ಒಂದು ನಿಗದಿತ ಮಟ್ಟ ದಾಟಿದಾಗ ಸೆನ್ಸರು “ಬಂತು” ಎನ್ನುತ್ತದೆ. ಪ್ರತಿಧ್ವನಿ ತುಸು ಕ್ಷೀಣವಾದರೆ ಮೊದಲ ಅಲೆಯ ಬದಲು ಎರಡನೆಯ ಅಲೆಯಲ್ಲಿ ಆ ಮಟ್ಟ ದಾಟುತ್ತದೆ, ಓದು ಒಮ್ಮೆಲೇ 25 ಮೈಕ್ರೋಸೆಕೆಂಡು, ಅಂದರೆ 4.3 ಮಿ.ಮೀ. ಹಿಂದೆ ಸರಿಯುತ್ತದೆ. ಅಲುಗಾಡದ ಗೋಡೆಯ ಎದುರು ನೂರು ಓದುಗಳನ್ನು ಬರೆದಿಟ್ಟು ನೋಡಿದಾಗ ಅವು ಎರಡು ಗುಂಪುಗಳಾಗಿ ಬಿದ್ದಿದ್ದವು, ನಡುವಿನ ಅಂತರ ಸುಮಾರು 50 ಎಣಿಕೆ. ಟೈಮರು ನನಗೆ ಮಿಲಿಮೀಟರಿನ ಹತ್ತನೆಯ ಭಾಗವನ್ನು ಕೊಡಲಿಲ್ಲ. ಸೆನ್ಸರಿನ ಈ ಹೆಜ್ಜೆಗಳನ್ನು ಮಸುಕಿಲ್ಲದೆ ತೋರಿಸಿತು. ಐದು ಓದು ತೆಗೆದುಕೊಂಡು ನಡುವಿನದನ್ನು ಆರಿಸುವುದು ಈಗಿನ ನನ್ನ ಪದ್ಧತಿ. ಸರಾಸರಿಗಿಂತ ಇದು ಮೇಲು, ಏಕೆಂದರೆ ಒಂದು ಹುಚ್ಚು ಓದು ಸರಾಸರಿಯನ್ನು ತನ್ನ ಕಡೆ ಎಳೆಯುತ್ತದೆ, ನಡುವಿನ ಓದನ್ನು ಎಳೆಯಲಾರದು. ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡು ಬಿಡಬೇಕು, ಇಲ್ಲವಾದರೆ ಹಿಂದಿನ ಶಬ್ದದ ಅಲೆದಾಟ ಮುಂದಿನದರ ಕಿವಿಗೆ ಬೀಳುತ್ತದೆ.

ಗಡಿಯಾರದ ಬಗ್ಗೆಯೂ ಒಂದು ಮಾತು. ಊನೊ ಬೋರ್ಡಿನ ಮೇಲೆ ಎದ್ದು ಕಾಣುವ ಬೆಳ್ಳಿಬಣ್ಣದ ಕ್ರಿಸ್ಟಲ್ ಯುಎಸ್‌ಬಿ ಚಿಪ್ಪಿಗೆ ಸೇರಿದ್ದು. ಎಟಿಮೆಗಾ328ಪಿಗೆ ಮಿಡಿತ ಕೊಡುವುದು ಪಕ್ಕದ ಪುಟ್ಟ ಸೆರಾಮಿಕ್ ರೆಸೊನೇಟರ್. ಅದರ ಸಹನೆಯ ಮಿತಿ ಅರ್ಧ ಶೇಕಡಾದಷ್ಟು, ಒಂದೂವರೆ ಮೀಟರಿಗೆ ಏಳೂವರೆ ಮಿ.ಮೀ. ಟೇಪು ಹಿಡಿದು ಒಂದು ಖಚಿತ ದೂರಕ್ಕೆ ಒಮ್ಮೆ ಹೊಂದಿಸಿಕೊಂಡರೆ ಇದು ಬಗೆಹರಿಯುತ್ತದೆ.

ಹೊಂದಿಸಿದರೂ ಬಗೆಹರಿಯದೆ ಕಾಡುವುದು ಉಷ್ಣಾಂಶ. 58ರ ಲೆಕ್ಕ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರು ಎಂದು ಹಿಡಿದದ್ದು. ನಿಜವಾದ ವೇಗ ಸೊನ್ನೆ ಡಿಗ್ರಿಯಲ್ಲಿ 331.3 ಮೀಟರಿದ್ದು, ಪ್ರತಿ ಡಿಗ್ರಿಗೆ 0.6 ಮೀಟರಿನಷ್ಟು ಏರುತ್ತದೆ: 20 ಡಿಗ್ರಿಯಲ್ಲಿ 343, 30 ಡಿಗ್ರಿಯಲ್ಲಿ 349 ದಾಟುತ್ತದೆ. ಹತ್ತು ಡಿಗ್ರಿ ಬದಲಾದರೆ ಒಂದೂವರೆ ಮೀಟರಿನ ಓದು ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ತಪ್ಪುತ್ತದೆ. ಟೈಮರಿನ ಅರ್ಧ ಮೈಕ್ರೋಸೆಕೆಂಡಿಗಾಗಿ ವಾರಗಟ್ಟಲೆ ಬೆವರು ಸುರಿಸಿದವನಿಗೆ ಈ ಅಂಕಿ ಕಂಡಾಗ ನಗು ಬಂತು. ಡಿಎಸ್18ಬಿ20 ಎಂಬ ಉಷ್ಣಾಂಶದ ಸೆನ್ಸರೊಂದನ್ನು ಸಂಪಿನೊಳಗೇ ತೂಗುಬಿಟ್ಟು, ಪ್ರತಿ ನಿಮಿಷಕ್ಕೊಮ್ಮೆ ಓದಿ, ವೇಗವನ್ನು ತಿದ್ದಿಕೊಳ್ಳುತ್ತಿದ್ದೇನೆ. ಅದು ಮನೆಯೊಳಗಿನ ಉಷ್ಣಾಂಶವಲ್ಲ, ಶಬ್ದ ಓಡಾಡುವ ಗಾಳಿಯದೇ ಆಗಿರಬೇಕು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಕಾದ ಕಬ್ಬಿಣದ ಮುಚ್ಚಳದ ಅಡಿ ಮತ್ತು ನೀರಿನ ಮೇಲ್ಮೈ ಒಂದೇ ಹದದಲ್ಲಿರುವುದಿಲ್ಲವಾದ್ದರಿಂದ ಸೆನ್ಸರನ್ನು ಎರಡರ ನಡುವೆ ಇಟ್ಟಿದ್ದೇನೆ.

ಸಂಪಿನೊಳಗಿನ ಬದುಕು ಈ ಸೆನ್ಸರಿಗೆ ಒಗ್ಗಲಿಲ್ಲ. ಮೊದಲ ಜಾಗದಲ್ಲಿ ಕಬ್ಬಿಣದ ಮೆಟ್ಟಿಲಿನ ಕಂಬಿಯೊಂದು 15 ಡಿಗ್ರಿಯ ಕೋನದೊಳಗೆ ಬಿದ್ದು, ನೀರು ಕಂಬಿಗಿಂತ ಕೆಳಗಿಳಿದಾಗ ಓದು ಅಲ್ಲೇ ನಿಂತುಬಿಡುತ್ತಿತ್ತು. ಗೋಡೆಯಿಂದ ಎರಡಡಿ ದೂರಕ್ಕೆ ಸರಿಸಿದ ಮೇಲೆ ಸರಿಹೋಯಿತು. ಕೊಳಾಯಿಯಿಂದ ನೀರು ಧುಮುಕುವ ಹೊತ್ತಿನಲ್ಲಿ ಮೇಲ್ಮೈ ಕದಡಿ ಓದುಗಳು ಚೆದರುತ್ತವೆ, ಅದು ಸಹಜ. ಸಹಿಸಲಾಗದ್ದು ತೇವ. ಚಳಿಗಾಲದ ಬೆಳಿಗ್ಗೆ ಮುಚ್ಚಳದ ಒಳಮೈಯಲ್ಲಿ ಬೆವರಿದ ನೀರು ಸೆನ್ಸರಿನ ಜಾಲರಿಯ ಮೇಲೆ ಕಡುಬಿನ ಪಾತ್ರೆಯ ಮುಚ್ಚಳದಲ್ಲಿ ಕಾಣುವಂತೆ ಹನಿಗಟ್ಟಿ ನಿಂತಿರುತ್ತಿತ್ತು. ಆಗ ಡಿಸ್‌ಪ್ಲೇಯಲ್ಲಿ 3 ಅಥವಾ 4 ಸೆಂ.ಮೀ. ಎಂಬ ಅಂಕಿ, ಸಂಪು ತುಂಬಿ ತುಳುಕುತ್ತಿದೆ ಎಂಬಂತೆ. ಹತ್ತಿಬಟ್ಟೆಯಿಂದ ಒರೆಸಿದರೆ ಒಂದೆರಡು ದಿನ ಸರಿ. ಐದನೆಯ ತಿಂಗಳಿಗೆ ಆರ್ ಎಂಬ ಡಬ್ಬಿಯ ಜಾಲರಿಯ ಅಂಚಿನಲ್ಲಿ ಹಸಿರು ಕಿಲುಬು ಕಾಣಿಸಿತು, ಆರನೆಯ ತಿಂಗಳಿಗೆ ಒಂದು ಮೀಟರಿನಾಚೆ ಅದಕ್ಕೆ ಕೇಳಿಸದಾಯಿತು. ಇದು ಸೆನ್ಸರಿನ ದೋಷವಲ್ಲ, ತೆರೆದ ಕಿವಿಯ ಸೆನ್ಸರನ್ನು ಬಾವಿಯೊಳಗಿಟ್ಟ ನನ್ನ ಆಯ್ಕೆಯ ದೋಷ.

ಬೋರ್ಡುಗಳೆಲ್ಲ ಒಂದೇ ಹೆಸರು ಹೊತ್ತಿದ್ದರೂ ಒಂದೇ ಮನೆಯವಲ್ಲ. ಇದನ್ನು ಹಲವು ಕಡೆ ಹಲವರು ತಯಾರಿಸುತ್ತಾರೆ. ನನ್ನ ಎರಡರಲ್ಲಿ ಒಂದು ಪ್ರತಿಧ್ವನಿ ತಪ್ಪಿದಾಗ ಕೆಲವೊಮ್ಮೆ 38 ಮಿಲಿಸೆಕೆಂಡು ದಾಟಿದರೂ ಎಕೋ ಪಿನ್ನನ್ನು ಇಳಿಸದೆ ಹಟ ಹಿಡಿಯುತ್ತದೆ. ಅದಕ್ಕಾಗಿ 5 ವೋಲ್ಟಿನ ತಂತಿಯನ್ನು ಒಂದು ಟ್ರಾನ್ಸಿಸ್ಟರಿನ ಮೂಲಕ ಕೊಟ್ಟು, 200 ಮಿಲಿಸೆಕೆಂಡು ಕಾದರೂ ಎಕೋ ಇಳಿಯದಿದ್ದರೆ ಸೆನ್ಸರಿನ ವಿದ್ಯುತ್ತನ್ನೇ ಆರಿಸಿ ಹತ್ತಿಸುವ ಏರ್ಪಾಡು ಮಾಡಬೇಕಾಯಿತು. ಪಲ್ಸ್‌ಇನ್ ಬಳಸಿದ್ದರೆ ಇಂಥ ಹಟವನ್ನು ಪ್ರೊಸೆಸರು ಗುರುತಿಸುವ ಮೊದಲು ತಾನೇ ಅದರ ಮುಂದೆ ನಿಂತುಬಿಡುತ್ತಿತ್ತು.

ಬೇರೆ ಚಿಪ್ಪುಗಳನ್ನು ಬಳಸುವವರು ಅಂಗಡಿಯವರ ಮಾತನ್ನು ನೆನಪಿಡಬೇಕು. ಇಎಸ್‌ಪಿ32ರ ಪಿನ್ನುಗಳು 3.3 ವೋಲ್ಟಿನವು, ಈ ಸೆನ್ಸರಿನ ಎಕೋ 5 ವೋಲ್ಟು. ಒಂದು ಕಿಲೋಓಮ್ ಮತ್ತು ಎರಡು ಕಿಲೋಓಮ್ ರೆಸಿಸ್ಟರುಗಳ ಜೋಡಿಯಿಂದ ಅದನ್ನು ತಗ್ಗಿಸಿಯೇ ಕೊಡಬೇಕು. ಟ್ರಿಗ್ ಕಡೆ ಮಾತ್ರ 3.3 ವೋಲ್ಟು ನೇರವಾಗಿ ನಡೆಯುತ್ತದೆ. ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಲಿನಕ್ಸ್ ಓಡುತ್ತಿರುವುದರಿಂದ ಸಾಮಾನ್ಯ ಪ್ರೋಗ್ರಾಮಿನಲ್ಲಿ ಮೈಕ್ರೋಸೆಕೆಂಡಿನ ಲೆಕ್ಕವನ್ನು ನೆಚ್ಚಿಕೊಳ್ಳುವಂತಿಲ್ಲ. ಲೇಸರ್ ಬೆಳಕಿನಿಂದ ದೂರ ಅಳೆಯುವ ವಿಎಲ್53ಎಲ್0ಎಕ್ಸ್ ಕೂಡ ಮಾರುಕಟ್ಟೆಯಲ್ಲಿದೆ. ಅದು ಇನ್ನೂ ಚಿಕ್ಕದು, ಟೈಮರಿನ ಗೋಜಿಲ್ಲ, ಎರಡು ಮೀಟರಿನವರೆಗಿನ ದೂರವನ್ನು ತಾನೇ ಮಿಲಿಮೀಟರಿನಲ್ಲಿ ಹೇಳುತ್ತದೆ. ಆದರೆ ತಿಳಿನೀರಿನ ಮೇಲೆ ಬಿದ್ದ ಬೆಳಕಿನ ಬಹುಪಾಲು ಒಳಗೆ ಇಳಿದುಹೋಗುವುದರಿಂದ ಸಂಪಿಗೆ ಅದನ್ನು ನಾನು ಸೂಚಿಸಲಾರೆ.

ಒಣ ಜಾಗದಲ್ಲಿ, ಗಟ್ಟಿ ವಸ್ತುಗಳ ಎದುರು, ಎರಡೂವರೆ ಮೀಟರಿನೊಳಗೆ, ಒಂದು ಸೆಂಟಿಮೀಟರಿನ ನಿಖರತೆ ಸಾಕೆನ್ನುವವರಿಗೆ 80 ರೂಪಾಯಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಕಲಿಯುವ ಮಕ್ಕಳಿಗೆ ಕೊಡಿಸುವವರು ಎರಡು ಕೊಡಿಸಲಿ. ಒಂದು ಹೇಳಿದ್ದನ್ನು ಇನ್ನೊಂದರಿಂದ ಪರೀಕ್ಷಿಸುವ ಅಭ್ಯಾಸ ಅದರಿಂದ ಬರುತ್ತದೆ. 3 ಮಿ.ಮೀ. ನಿಖರತೆ ಎಂಬ ಮುದ್ರಿತ ಮಾತನ್ನು ನಂಬಿ ಯಂತ್ರದ ಭಾಗಗಳನ್ನು ಅಳೆಯಲು ಹೊರಟವರು ಮಾತ್ರ ನಿರಾಶರಾಗುತ್ತಾರೆ.

ಆರನೆಯ ತಿಂಗಳ ಕೊನೆಗೆ ಸಂಪಿಗೆ ಜೆಎಸ್‌ಎನ್-ಎಸ್‌ಆರ್04ಟಿ ಎಂಬ ಜಲನಿರೋಧಕ ಸೆನ್ಸರು ಬಂತು. ಇದಕ್ಕೆ ಒಂದೇ ಕಣ್ಣು, ಕಾರುಗಳ ಹಿಂಬದಿಯ ಬಂಪರಿನಲ್ಲಿ ಕಾಣುವಂಥದ್ದು. ಎಲೆಕ್ಟ್ರಾನಿಕ್ಸಿನ ಬೋರ್ಡು ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಒಣಗಿದ ಜಾಗದಲ್ಲಿ ಇರುತ್ತದೆ. ಬೆಲೆ ಹಲವು ಪಟ್ಟು ಹೆಚ್ಚು. ಶಬ್ದ ಬಿಡುವುದೂ ಕೇಳುವುದೂ ಒಂದೇ ಡಬ್ಬಿಯಾದ್ದರಿಂದ, ಬಿಟ್ಟ ಶಬ್ದದ ನಡುಕ ಅಡಗುವವರೆಗೆ ಅದಕ್ಕೆ ಏನೂ ಕೇಳಿಸದು. ಹೀಗಾಗಿ 20ರಿಂದ 25 ಸೆಂ.ಮೀ.ಗಿಂತ ಹತ್ತಿರದ್ದನ್ನು ಅದು ಅಳೆಯಲಾರದು. ನಮ್ಮ ಸಂಪು ಪೂರ್ತಿ ತುಂಬಿದಾಗಲೂ ನೀರಿಗೂ ಮುಚ್ಚಳಕ್ಕೂ ಒಂದಡಿ ಅಂತರ ಉಳಿಯುವುದರಿಂದ ತೊಂದರೆಯಾಗಲಿಲ್ಲ. ಟ್ರಿಗ್ ಪಲ್ಸನ್ನು 10ರ ಬದಲು 20 ಮೈಕ್ರೋಸೆಕೆಂಡಿಗೆ ಏರಿಸಿದೆ. ಎಕೋ ತಂತಿ ಅದೇ 8ನೆಯ ಪಿನ್ನಿನಲ್ಲಿದೆ. ಟೈಮರಿನ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಕಿಲುಬು ಹಿಡಿಯದೆ ಉಳಿದ ಹಳೆಯ ಸೆನ್ಸರು ಈಗ ಅಡುಗೆಮನೆಯ ಅಕ್ಕಿಡಬ್ಬಿಯ ಮುಚ್ಚಳದೊಳಗಿದೆ. ಅಕ್ಕಿಯ ಗುಡ್ಡೆ ಇಳಿಜಾರಾಗಿ ನಿಂತಾಗ ಅದು ಒಂದಷ್ಟು ತಪ್ಪು ಹೇಳುತ್ತದೆ, ಡಬ್ಬಿಯನ್ನು ಒಮ್ಮೆ ಕುಲುಕಿದರೆ ಸರಿಯಾಗುತ್ತದೆ.